ಏಳು ಕೆರೆ ಕಾಣುವ ಬಂಡೆ

“ಅಜ್ಜಾರ, ನಿಧಾನ ನಡಿಯೋರ ಜೋಡಿ ನಾ ಇನ್ನೂ ಎಲ್ಲೀತನಕ ನಡೀಬೇಕ್ರಿ?” ಎಂದು ಶಿಷ್ಯ ಅನ್ನದಾನಿ ಗುರುಗಳನ್ನು ಕೇಳಿದ.

ಆ ಮಠದಲ್ಲಿ ಓದಲು ಬಂದವರನ್ನೆಲ್ಲ ಒಟ್ಟಿಗೇ ಕೂರಿಸುವುದು ಪದ್ಧತಿ. ಅನ್ನದಾನಿಯ ಜೊತೆಗೆ ಮಾತು ತೊದಲುವವನೊಬ್ಬ, ಕಣ್ಣು ಮಂಜಾದ ಮುದುಕಿಯೊಬ್ಬಳು, ತಲೆ ನರೆತ ಮೇಲೆ ಅಕ್ಷರ ಕಲಿತವನೊಬ್ಬ ಕೂರುತ್ತಿದ್ದರು. ಗುರುಗಳು ಹೇಳಿದ್ದನ್ನು ಅವರು ಸೇರಿ ಬಾಯಿಪಾಠ ಮಾಡಬೇಕು. ಎಲ್ಲರಿಗೂ ಬಂದ ಮೇಲೇ ಮುಂದಿನ ಪಾಠ. ಅನ್ನದಾನಿಗೆ ಒಮ್ಮೆ ಕೇಳಿದರೆ ಸಾಕು, ಬಂದುಬಿಡುತ್ತಿತ್ತು. ತನಗೆ ಬೇರೆಯಾಗಿ ಪಾಠ ಹೇಳದಿದ್ದರೆ ಬೇರೆ ಮಠ ನೋಡಿಕೊಳ್ಳುವುದೆಂದು ತೀರ್ಮಾನಿಸಿಯೇ ಅವನು ಬಂದಿದ್ದ.

ಅವನ ಮುಖ ನೋಡಿ ಗುರುಗಳಿಗೆ ನಗು ಬಂತು. “ಹೊರಡಾಕ ತಯಾರಾಗೇ ಬಂದೀಯಲ್ಲೋ. ಒಂದು ಕತಿ ಕೇಳೂವಷ್ಟಾದರೂ ಪುರಸೊತ್ತು ಐತೋ, ಇಲ್ಲೋ?” ಎಂದರು. ಅವನು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರು. ಊರಿನ ಪಕ್ಕದಲ್ಲಿ ಒಂದು ಬಂಡೆ. ಬುಡದಲ್ಲಿ ನಿಂತು ತಲೆಯೆತ್ತಿದರೆ ರುಮಾಲು ಹಿಂದಕ್ಕೆ ಬೀಳಬೇಕು, ಅಷ್ಟು ಎತ್ತರ. ಅದರ ತುದಿಯಲ್ಲಿ ನಿಂತರೆ ಏಳು ಕೆರೆ ಒಟ್ಟಿಗೆ ಕಾಣುತ್ತವೆ ಎಂದು ಊರಿನವರು ಹೇಳುತ್ತಿದ್ದರು. ಹೇಳುವವರಲ್ಲಿ ಮೇಲೆ ಹೋಗಿ ನೋಡಿದವರು ಕಡಿಮೆ. ನೋಡಿದವರು ಹೆಚ್ಚು ಮಾತಾಡುತ್ತಿರಲಿಲ್ಲ.

ಆ ಊರಲ್ಲಿ ಬಂಡೆ ಹತ್ತುವುದನ್ನು ಕಲಿಸುವಾಕೆ ಒಬ್ಬಳಿದ್ದಳು. ಕಲಿಯುತ್ತೇನೆ ಎಂದು ಬಂದ ಯಾರನ್ನೂ ಅವಳು ವಾಪಸು ಕಳಿಸಿದವಳಲ್ಲ. ಒಂದು ವರ್ಷ ಅವಳ ಬಳಿಗೆ ಕಿವಿ ಕೇಳದ ಒಬ್ಬ ಬಡಗಿ ಬಂದ. ಅಟ್ಟ ಹತ್ತಿದರೂ ಬೆವರುವ ಒಬ್ಬ ವ್ಯಾಪಾರಿ ಬಂದ. ಹುಟ್ಟಿನಿಂದ ಒಂದು ಕಾಲು ಗಿಡ್ಡವಿದ್ದ ಒಬ್ಬ ನೇಕಾರ ಹೆಂಗಸು ಬಂದಳು. ಗರಡಿಯಲ್ಲಿ ಬೆಳೆದ ಒಬ್ಬ ಪೈಲ್ವಾನನೂ ಬಂದ. ತನ್ನಂಥವನನ್ನು ಇಂಥವರ ಜೊತೆಗೆ ನಿಲ್ಲಿಸಿದ್ದು ಪೈಲ್ವಾನನಿಗೆ ಹಿಡಿಸಲಿಲ್ಲ.

ಬಂಡೆ ಹಗ್ಗಕ್ಕಿಂತ ಬಹಳ ಎತ್ತರ. ಆದ್ದರಿಂದ ಹಂತ ಹಂತವಾಗಿ ಹತ್ತಬೇಕು. ಇಬ್ಬರಿಗೆ ಒಂದು ಹಗ್ಗ. ಈ ತುದಿ ಒಬ್ಬರ ಸೊಂಟದ ಪಟ್ಟಿಗೆ, ಆ ತುದಿ ಇನ್ನೊಬ್ಬರ ಸೊಂಟದ ಪಟ್ಟಿಗೆ. ಮುಂದಿನವನು ಹತ್ತಿ, ಕಾಲೂರಲು ಜಾಗವಿದ್ದು ಕಲ್ಲಿಗೆ ಕಬ್ಬಿಣದ ಬಳೆ ಬಡಿದಿರುವ ಕಡೆ ನಿಲ್ಲುತ್ತಾನೆ. ಮೊದಲು ತನ್ನನ್ನು ಆ ಬಳೆಗೆ ಕಟ್ಟಿಕೊಳ್ಳುತ್ತಾನೆ. ಆಮೇಲೆ ಕೆಳಗಿನವರು ಹತ್ತಿದ ಹಾಗೆಲ್ಲ ಹಗ್ಗವನ್ನು ಎಳೆದುಕೊಳ್ಳುತ್ತ, ಬಿಗಿಯಾಗಿ ಇಟ್ಟುಕೊಳ್ಳುತ್ತಾನೆ. ಅವರು ಜಾರಿದರೆ ಇವನು ಹಿಡಿಯುತ್ತಾನೆ. ಅವರು ಬಂದು ಸೇರಿದ ಮೇಲೇ ಅದೇ ಹಗ್ಗ ಮುಂದಿನ ಹಂತಕ್ಕೆ ಸಿಗುತ್ತದೆ. ಬೇರೆ ಹಗ್ಗವಿಲ್ಲ.

ಬಡಗಿಗೆ ಕೂಗಿದರೆ ಕೇಳಿಸದು. ಅದಕ್ಕಾಗಿ ಕಲಿಸುವಾಕೆ ಎಲ್ಲರಿಗೂ ಹಗ್ಗದಲ್ಲಿ ಮಾತಾಡುವುದನ್ನು ಕಲಿಸಿದಳು. ಒಂದು ಸಲ ಜಗ್ಗಿದರೆ, ನಾನು ಕಟ್ಟಿಕೊಂಡಿದ್ದೇನೆ. ಎರಡು ಸಲ ಜಗ್ಗಿದರೆ, ಬಾ. ಕಿವಿ ನೆಟ್ಟಗಿರುವ ನನಗೆ ಇದೆಲ್ಲ ಯಾಕೆ ಎಂದುಕೊಂಡ ಪೈಲ್ವಾನ. ಆದರೂ ಕಲಿತ.

ಹತ್ತುವ ದಿನ ಪೈಲ್ವಾನನಿಗೂ ನೇಕಾರ ಹೆಂಗಸಿಗೂ ಒಂದು ಹಗ್ಗ ಬಂತು. ಅವರಿಬ್ಬರೇ ಮೊದಲು ಹೊರಟರು. ಇವರು ತುದಿ ಸೇರಿದ ಮೇಲೆ ಉಳಿದವರನ್ನು ಕರೆದುಕೊಂಡು ಕಲಿಸುವಾಕೆ ಹಿಂದಿನಿಂದ ಬರುವುದೆಂದು ಮಾತಾಗಿತ್ತು. ಪೈಲ್ವಾನ ಉಡದ ಹಾಗೆ ಏರಿದ. ಕಟ್ಟಿಕೊಂಡ. ಹಗ್ಗ ಎಳೆದುಕೊಳ್ಳುತ್ತ ಕಾದ. ಅವಳು ನಿಧಾನವಾಗಿ ಬಂದಳು. ಗಿಡ್ಡ ಕಾಲನ್ನು ಕೈಯಿಂದ ಎತ್ತಿ ಒಂದು ಗುಳಿಯಲ್ಲಿಟ್ಟು, ಅದು ನಿಂತಿದೆಯೋ ಇಲ್ಲವೋ ಎಂದು ನೋಡಿ, ಆಮೇಲೆ ಏಳುತ್ತಿದ್ದಳು. ಚಿಕ್ಕಂದಿನಿಂದಲೂ ಅವಳಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು, ನೀನು ಕೂತು ನೋಡು ಅಂತ. ಈಗ ಬಿಸಿಲಿಗೆ ಕಾದ ಕಲ್ಲು ಅವಳ ಅಂಗೈಗೆ ಬೆಚ್ಚಗೆ ತಾಗುತ್ತಿತ್ತು. ಊರಿನ ಸದ್ದು ನಿದ್ದೆಯಲ್ಲಿ ಕೇಳಿದ ಹಾಗೆ ದೂರದಿಂದ ಕೇಳುತ್ತಿತ್ತು. ತಾನು ಹತ್ತುತ್ತಿಲ್ಲ, ಬಂಡೆಯೇ ಮೆಲ್ಲಗೆ ಕೆಳಗಿಳಿದು ತನ್ನ ಕೈಗೆ ಬರುತ್ತಿದೆ ಎನಿಸಿತು ಅವಳಿಗೆ. ಅವಳು ಅವತ್ತಿನಷ್ಟು ಸುಖವಾಗಿ ಹಿಂದೆಂದೂ ಇದ್ದಿರಲಿಲ್ಲ.

ಎರಡನೆಯ ಬಳೆಯ ಬಳಿ ನಿಂತಾಗ ಪೈಲ್ವಾನನಿಗೆ ಮೋಡ ಕಾಣಿಸಿತು. ಬಯಲಿನ ಮೇಲೆ ತೇಲುತ್ತ ಬಂಡೆಯ ಕಡೆಗೇ ಬರುತ್ತಿತ್ತು. ಮೋಡ ಕವಿದರೆ ಮೇಲೆ ಹೋಗಿ ಏನು ನೋಡುವುದು? ಒಂದು ಕೆರೆಯೂ ಕಾಣುವುದಿಲ್ಲ. ಕೆಳಗೆ ನೋಡಿದ. ಅವಳು ಇನ್ನೂ ಅರ್ಧ ದಾರಿಯಲ್ಲಿ ಕಾಲನ್ನು ಎತ್ತಿ ಇಡುತ್ತಿದ್ದಳು. ಅವನ ತಾಳ್ಮೆ ತಪ್ಪಿತು.

ಅವನು ಹಗ್ಗವನ್ನು ಬಳೆಗೆ ಗಂಟು ಹಾಕಿದ. ತನ್ನ ಸೊಂಟದ ತುದಿಯನ್ನು ಬಿಚ್ಚಿದ. ಅವಳನ್ನು ಕಲ್ಲಿಗೇ ಕಟ್ಟಿದ್ದೇನಲ್ಲ, ನನ್ನ ಕೈಗಿಂತ ಕಲ್ಲು ಗಟ್ಟಿ ಎಂದು ತನಗೆ ತಾನೇ ಹೇಳಿಕೊಂಡ. ಹಗ್ಗವಿಲ್ಲದೆ ಮೇಲಕ್ಕೆ ಹೊರಟ. ಕಲ್ಲು ಗಟ್ಟಿ ಎಂಬುದೇನೋ ನಿಜ. ಆದರೆ ಕಲ್ಲು ಹಗ್ಗವನ್ನು ಎಳೆದುಕೊಳ್ಳುವುದಿಲ್ಲ.

ಅವಳು ಒಂದು ಹೆಜ್ಜೆ ಹತ್ತಿದಳು. ಹಗ್ಗ ಸಡಿಲವಾಯಿತು. ಇನ್ನೊಂದು ಹೆಜ್ಜೆ ಹತ್ತಿದಳು. ಅದು ಮೊಣಕಾಲಿನ ಬಳಿ ಜೋತುಬಿತ್ತು. ಈಗ ಜಾರಿದರೆ ಆ ಸಡಿಲವಷ್ಟೂ ಕೆಳಗೆ ಬೀಳಬೇಕು. ಹತ್ತಿದಷ್ಟೂ ಬೀಳುವ ದೂರ ಹೆಚ್ಚುತ್ತದೆ. ಅವಳು ಜೋತ ಹಗ್ಗವನ್ನು ಮೇಲಿನಿಂದ ಹಿಡಿದು ಜಗ್ಗಿದಳು. ಉತ್ತರವಿಲ್ಲ. ಮತ್ತೆ ಜಗ್ಗಿದಳು. ಹಗ್ಗದ ಆ ತುದಿಯಲ್ಲಿ ಯಾರೂ ಇಲ್ಲ ಎಂಬುದು ಅವಳ ಕೈಗೆ ಮೊದಲು ತಿಳಿಯಿತು, ಆಮೇಲೆ ಮನಸ್ಸಿಗೆ.

ಅವಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚು ದುಃಖವಾಯಿತು. ಕೆನ್ನೆಯನ್ನು ಕಲ್ಲಿಗೆ ಒತ್ತಿ ಅತ್ತಳು. ಅಷ್ಟರಲ್ಲಿ ಮೋಡ ಬಂದು ಸುತ್ತಿಕೊಂಡಿತು. ಕೆಳಗಿನ ಊರು ಹೋಯಿತು, ಮೇಲಿನ ಆಕಾಶ ಹೋಯಿತು. ತನ್ನ ಎರಡು ಕೈ, ಅವುಗಳ ಕೆಳಗೆ ಒಂದಿಷ್ಟು ಕಲ್ಲು, ಇಷ್ಟೇ ಲೋಕದಲ್ಲಿ ಉಳಿಯಿತು. ಆ ಬಿಳುಪಿನಲ್ಲಿ ಅಳು ತಾನಾಗಿ ನಿಂತಿತು. ಅವಳು ಗಿಡ್ಡ ಕಾಲನ್ನು ಎತ್ತಿಟ್ಟಳು. ಎದ್ದಳು. ಹಾಗೆಯೇ ಹತ್ತುತ್ತ ಎಷ್ಟೋ ಹೊತ್ತಿನ ಮೇಲೆ ಬಳೆಯ ಬಳಿ ತಲುಪಿದಳು. ಅಲ್ಲಿ ಗಂಟು ಇತ್ತು, ಪೈಲ್ವಾನ ಇರಲಿಲ್ಲ.

ಕಲಿಸಿದ ಹಾಗೆ ಅವಳು ಮೊದಲು ತನ್ನನ್ನು ಬಳೆಗೆ ಕಟ್ಟಿಕೊಂಡಳು. ಆಗ ಮೇಲಿನಿಂದ ಒಂದು ಕ್ಷೀಣ ಧ್ವನಿ ಕೇಳಿತು. ಏನೆಂದು ತಿಳಿಯಲಿಲ್ಲ, ಯಾರದೆಂದು ತಿಳಿಯಿತು.

ಪೈಲ್ವಾನ ಮನೆಯ ಮಾಳಿಗೆಯಷ್ಟು ಮೇಲೆ ಸಿಕ್ಕಿಕೊಂಡಿದ್ದ. ಮುಂದೆ ಕಲ್ಲು ನುಣುಪು, ಹಿಡಿಯಲು ಏನೂ ಇಲ್ಲ. ಇಳಿಯೋಣವೆಂದರೆ ಕಾಲೆಲ್ಲಿಡಬೇಕೋ ಮೋಡದಲ್ಲಿ ಕಾಣದು. ಹತ್ತುವಾಗ ಕಣ್ಣು ಕೈಯ ಹತ್ತಿರ ಇರುತ್ತದೆ, ಇಳಿಯುವಾಗ ಕಾಲಿಗೆ ಕಣ್ಣಿಲ್ಲ. ಅವನ ತೊಡೆ ನಡುಗುತ್ತಿತ್ತು. ಎಷ್ಟೋ ಜನರನ್ನು ಚಿತ್ ಮಾಡಿದ ತೊಡೆ ಅದು. ತಾನು ಬಹಳ ಕಾಲದಿಂದ ಇಲ್ಲೇ ನೇತಾಡುತ್ತಿದ್ದೇನೆ, ಗರಡಿ, ಊರು, ಕೆರೆ ಎಲ್ಲ ಯಾವಾಗಲೋ ಬಿದ್ದ ಕನಸು ಎಂದು ಅವನಿಗೆ ಅನಿಸಿತು.

ಅವಳು ಪೈಲ್ವಾನ ಹಾಕಿದ್ದ ಗಂಟು ಬಿಚ್ಚಿ, ಆ ತುದಿಗೆ ತನ್ನ ಪಟ್ಟಿಯಲ್ಲಿದ್ದ ಒಂದು ಕೊಕ್ಕೆ ಸಿಕ್ಕಿಸಿ, ಧ್ವನಿ ಬಂದ ಕಡೆಗೆ ಎಸೆದಳು. ಹಗ್ಗ ತಿರುಗಿ ಅವಳ ತಲೆಯ ಮೇಲೇ ಬಿತ್ತು. ಮತ್ತೆ ಎಸೆದಳು, ಮತ್ತೆ ಬಿತ್ತು. ತೋಳು ಸೋಲುವವರೆಗೆ ಎಸೆದಳು. ಕೊನೆಗೊಮ್ಮೆ ಅದು ಬೀಳಲಿಲ್ಲ.

ಹಗ್ಗ ಪೈಲ್ವಾನನ ತೋಳಿನ ಮೇಲೆ ಬಿದ್ದಿತ್ತು. ಕೊಕ್ಕೆಯನ್ನು ಸೊಂಟದ ಪಟ್ಟಿಗೆ ಹಾಕಿಕೊಳ್ಳಬೇಕಾದರೆ ಒಂದು ಕೈ ಬಿಡಬೇಕು. ಬಿಡಲು ಅವನಿಗೆ ಧೈರ್ಯ ಬರಲಿಲ್ಲ. ಕೆಳಗೆ ಯಾರಿದ್ದಾರೋ, ಇದ್ದರೂ ಹಿಡಿದಿದ್ದಾರೋ ಇಲ್ಲವೋ, ಒಂದೂ ಕಾಣದು. ಆಗ ಹಗ್ಗ ತೋಳಿನ ಮೇಲೆ ಒಂದು ಸಲ ಅಲುಗಿತು. ನಾನು ಕಟ್ಟಿಕೊಂಡಿದ್ದೇನೆ. ಸ್ವಲ್ಪ ತಡೆದು ಎರಡು ಸಲ ಅಲುಗಿತು. ಬಾ.

ಅವನು ಕೈ ಬಿಟ್ಟ. ಕೊಕ್ಕೆ ಹಾಕಿಕೊಂಡ. ಅವನು ಇಳಿದಷ್ಟೂ ಹಗ್ಗ ಕೆಳಗಿನಿಂದ ಬಿಗಿಯಾಗುತ್ತ ಬಂತು. ಅದು ಎಲ್ಲಿಗೆ ಕರೆಯಿತೋ ಅಲ್ಲಿಗೆ ಕಾಲಿಡುತ್ತ ಅವನು ಬಂದು ಅವಳ ಪಕ್ಕದಲ್ಲಿ ಕುಸಿದ. ತನ್ನನ್ನು ಬಳೆಗೆ ಕಟ್ಟಿಕೊಂಡ ಮೇಲೆ ಅವನಿಗೆ ಅಳು ಬಂತು.

“ಏಳೂ ಕೆರಿ ಕಂಡ್ವೇನು, ತಮ್ಮಾ?” ಎಂದು ಅವಳು ಕೇಳಿದಳು.

“ಒಂದೂ ಕಾಣಲಿಲ್ಲಕ್ಕಾ. ನನ್ನ ಕಾಲು ಸೈತ ಕಾಣಲಿಲ್ಲ.”

ಅವಳು ನಕ್ಕಳು. ಸ್ವಲ್ಪ ಹೊತ್ತು ಇಬ್ಬರೂ ಒಂದೇ ಬಳೆಗೆ ಕಟ್ಟಿಕೊಂಡು ಕೂತರು. ಆಮೇಲೆ ಮೋಡದಲ್ಲೇ, ಹಗ್ಗದಲ್ಲಿ ಮಾತಾಡುತ್ತ, ಒಬ್ಬರಾದ ಮೇಲೆ ಒಬ್ಬರು ಉಳಿದ ಬಂಡೆಯನ್ನು ಹತ್ತಿದರು. ತುದಿಯಲ್ಲಿ ಸುತ್ತ ಬರೀ ಬಿಳುಪು. ಅವಳು ಅದನ್ನೇ ಕಣ್ತುಂಬ ನೋಡಿದಳು.

ಗುರುಗಳು ಕತೆ ನಿಲ್ಲಿಸಿದರು. ಅನ್ನದಾನಿಯ ಮುಖ ಮೃದುವಾಗಿತ್ತು.

“ತಿಳೀತ್ರಿ ಅಜ್ಜಾರ,” ಎಂದ. “ನಾ ಎಲ್ಲೂ ಹೋಗೂದಿಲ್ಲ. ಹಿಂದ ಉಳಿದೋರಿಗಾಗಿ ಇನ್ನ ಮ್ಯಾಲೆ ನಾ ಕಾಯತೀನ್ರಿ.”

“ಒಳಗ ಇನ್ನೂ ಯಾರೂ ಪಾಠ ಸುರು ಮಾಡಿಲ್ಲೋ ಅನ್ನದಾನಿ, ನೀ ಬರಲಿ ಅಂತ ಕಾದು ಕೂತಾರ,” ಎಂದರು ಗುರುಗಳು.

ಅನ್ನದಾನಿ ಎದ್ದು ಒಳಗೆ ಹೋದ.