ಕೊಸರಿನ ಜೇನು

ಒಂದು ಕಾಡಿನಲ್ಲಿ ಹಳ್ಳದ ದಂಡೆಗೆ ದೊಡ್ಡದೊಂದು ಬಸರಿಮರವಿತ್ತು. ಅದರ ನೆರಳಲ್ಲಿ ವಾರಕ್ಕೊಮ್ಮೆ ಪ್ರಾಣಿಗಳ ಸಂತೆ ಕೂಡುತ್ತಿತ್ತು. ಕೆಂಚನೆಂಬ ನರಿ ಹರೆಯದಲ್ಲಿ ಅಲ್ಲಿ ಬೋರೆಹಣ್ಣು ಮಾರುತ್ತಿದ್ದ. ಎಂಥಾ ಸಂತೆ ಅದು! ಮೊಲಗಳ ಗದ್ದಲ, ಗಿಳಿಗಳ ಚೌಕಾಸಿ, ಮಾಗಿದ ಹಣ್ಣಿನ ಘಮ. ಒಂದು ಪಾವು ಕೊಟ್ಟು ಒಂದು ಪಾವು ಪಡೆಯುವುದೇ ಅಲ್ಲಿನ ವ್ಯಾಪಾರ. ಎಲ್ಲರ ಕೈಯಲ್ಲೂ ಒಂದೇ ಅಳತೆಗೆ ಕಡಿದ ಬಿದಿರಿನ ಪಾವು. ಕೆಂಚ ಮಾತ್ರ ತನ್ನ ಪಾವಿನ ತಳಕ್ಕೆ ದಪ್ಪಗೆ ಮರದ ಅಂಟು ಮೆತ್ತಿದ್ದ.

ಪಕ್ಕದಲ್ಲೇ ಕರಡಿ ಕರಿಯಜ್ಜನ ಜೇನಿನಂಗಡಿ. ಅಳೆದು ಕೊಟ್ಟ ಮೇಲೆ ಅಜ್ಜ ಮುತ್ತುಗದೆಲೆಗೆ ಇನ್ನೊಂದಿಷ್ಟು ಜೇನು ಸುರಿದು, "ತಗೋ ಮಗಾ, ಇದು ಕೊಸರು" ಅನ್ನುತ್ತಿದ್ದ.

ಕೆಂಚ ಎಲೆ ನೆಕ್ಕುತ್ತಲೇ ಯೋಚಿಸುತ್ತಿದ್ದ. 'ಸುಮ್ಮಸುಮ್ಮನೆ ಯಾರು ಕೊಡ್ತಾರೆ? ಈ ಮುದುಕ ಪಾವಿನಲ್ಲಿ ಹೊಡೆದು ಎಲೆಯಲ್ಲಿ ಕೊಡ್ತಿದಾನೆ!'

ಒಂದು ಸಂತೆಯ ದಿನ ಅವನಿಗೆ ತಡೆಯಲಾಗಲಿಲ್ಲ. ಎಲ್ಲರೆದುರು ಕೂಗಿಬಿಟ್ಟ. "ಈ ಅಜ್ಜನ ಪಾವಿನ ತಳದಲ್ಲಿ ಏನೋ ಇದೆ! ನೋಡಿ ಬೇಕಾದರೆ!"

ಕರಿಯಜ್ಜ ನಕ್ಕ. "ನೋಡಪ್ಪ, ಅದಕ್ಕೇನಂತೆ."

ಸಂತೆಯ ಹಿರಿಯಳು ಆಮೆಯಜ್ಜಿ. ಅವಳು ಮುಳ್ಳುಹಂದಿಯಿಂದ ಉದ್ದದ ಮುಳ್ಳೊಂದನ್ನು ಇಸಕೊಂಡು ಅಜ್ಜನ ಪಾವಿಗೆ ಇಳಿಸಿದಳು. ಮುಳ್ಳು ತಳದವರೆಗೆ ಹೋಯಿತು.

"ಇಷ್ಟೇ ಆಳವಾ? ಕಮ್ಮಿ ಇದೆ!" ಎಂದು ಕೆಂಚ ಹಟ ಹಿಡಿದ.

"ಯಾರದ್ದಕ್ಕಿಂತ ಕಮ್ಮಿ? ಎಲ್ಲಿ, ನಿನ್ನದು ಕೊಡು," ಅಂದಳು ಆಮೆಯಜ್ಜಿ.

ಕೆಂಚನ ಬಾಲ ಮುದುಡಿತು. ಅವನ ಪಾವಿಗೆ ಇಳಿಸಿದ ಮುಳ್ಳು ನಡುವಿನಲ್ಲೇ ನಿಂತಿತು. ಅಜ್ಜಿ ಪಾವು ಬೋರಲು ಹಾಕಿ ತಟ್ಟಿದಳು. ಅಂಟಿನ ಗಟ್ಟಿ ದೊಪ್ಪನೆ ಬಿತ್ತು.

"ಇಷ್ಟು ವರ್ಷ ನಮಗ್ಯಾರಿಗೂ ತಳದ ಯೋಚನೆಯೇ ಬಂದಿರಲಿಲ್ಲ ಕಣಪ್ಪ," ಅಂದಳು ಅಜ್ಜಿ. "ನಿನಗೊಬ್ಬನಿಗೇ ಬಂತು ನೋಡು!"

ಅಂದಿಗೇ ಬಸರಿಮರದ ನೆರಳು ಅವನ ಪಾಲಿಗೆ ತಪ್ಪಿತು.

ಈಗ ಕೆಂಚ ಮುದುಕ. ಸಂತೆಯ ದಿನ ಎದುರುಗುಡ್ಡದ ಮೇಲೆ ಒಬ್ಬನೇ ಕೂರುತ್ತಾನೆ. ಗಾಳಿಯಲ್ಲಿ ಜೇನಿನ ವಾಸನೆ ತೇಲಿ ಬರುತ್ತದೆ. ಮುತ್ತುಗದೆಲೆ ನೆನಪಾಗುತ್ತದೆ, "ತಗೋ ಮಗಾ" ಅನ್ನುವ ದನಿಯೂ ನೆನಪಾಗುತ್ತದೆ. ಜೇನಿನ ರುಚಿ ಮಾತ್ರ ಎಷ್ಟು ತಡಕಿದರೂ ನಾಲಿಗೆಗೆ ಸಿಗುವುದಿಲ್ಲ. ಅನುಮಾನ ಪಡುತ್ತಾ ನುಂಗಿದವನಿಗೆ ಅದು ಸಿಕ್ಕಿದ್ದಾದರೂ ಯಾವಾಗ?

ನೀತಿ: ಇನ್ನೊಬ್ಬರಲ್ಲಿ ನಮಗೆ ಕಾಣುವ ಮೋಸ ಎಷ್ಟೋ ಸಲ ನಮ್ಮದೇ ಆಗಿರುತ್ತದೆ, ಬೆರಳು ತೋರಿಸುವ ಮುಂಚೆ ನಮ್ಮ ಪಾವಿನ ತಳ ನೋಡಿಕೊಳ್ಳಬೇಕು.