ಮುಳಿಪದವಿನ ಪಂಕ್ತಿ

ಪೂಜ್ಯ ಪೂವಮ್ಮ ತಾಯಿಯವರು ಆಗ ಮುಳಿಪದವಿನಲ್ಲಿ ವಾಸವಾಗಿದ್ದರು. ಗುಡ್ಡೆ ಹತ್ತಿ ಮುಗಿದ ಮೇಲೆ ಅಂಗಳದ ಹಾಗೆ ಚಪ್ಪಟೆಯಾಗಿ ಹಾಸಿಕೊಂಡ ಕೆಂಪು ಮುರಕಲ್ಲಿನ ನೆಲಕ್ಕೆ ನಮ್ಮ ಕಡೆ ಪದವು ಎನ್ನುತ್ತಾರೆ. ಅಲ್ಲೊಂದು ಹುಲ್ಲಿನ ಜೋಪಡಿ, ಹೊರಗೆ ಮೂರು ಕಲ್ಲಿನ ಒಲೆ. ತಾಯಿಯವರ ಆಶ್ರಮವೆಂದರೆ ಅಷ್ಟೇ. ಮುಳಿಹುಲ್ಲು ಕೊಯ್ಯುವ ಕಾಲದಲ್ಲಿ ಬಂದವರಿಗೆಲ್ಲ ಅಲ್ಲಿ ಊಟವಿರುತ್ತಿತ್ತು. ಮಳೆಗಾಲಕ್ಕೆ ಊರಿನ ಬಡವರ ಮನೆಯ ಮಾಡಿಗೆ ಆ ಹುಲ್ಲೇ ಹೊದಿಕೆ.

ಒಂದು ಮಧ್ಯಾಹ್ನ ಪಾಠಶಾಲೆಯ ಪಂಡಿತರಾದ ಗೋವಿಂದ ಉಡುಪರು ಏದುಸಿರು ಬಿಡುತ್ತ ಹತ್ತಿ ಬಂದರು. ಓದು ಬಾರದ ತಾಯಿಯವರಲ್ಲಿ ಅವರಿಗೆ ಅಂಥ ಭಕ್ತಿಯೇನೂ ಇರಲಿಲ್ಲ. ಬೇರೆ ದಾರಿ ಕಾಣದೆ ಬಂದಿದ್ದರು.

ಅವರ ತಂಗಿಯ ಗಂಡ ಶೀನಪ್ಪಯ್ಯ ಪದವಿಗೆ ಬೇಲಿ ಹಾಕಲು ಹೊರಟಿದ್ದರು. ‘ಗುಡ್ಡೆ ಮನೆಗೆ, ಪದವು ಊರಿಗೆ’ ಎಂಬ ಹಿರಿಯರ ಕಟ್ಟಳೆಯನ್ನು ಮೀರುವ ಧೈರ್ಯ ಅವರಿಗೂ ಇರಲಿಲ್ಲ. ಅದಕ್ಕೆ ಹೊಸ ವಾದ ಹೂಡಿದರು: ಪದವು ಎಂಬುದು ಪದವಿಯಿಂದ ಹುಟ್ಟಿದ ಶಬ್ದ, ಪದವಿ ಇದ್ದ ತಮ್ಮಂಥ ಮನೆಗೇ ಅದು ಸೇರಬೇಕು. ಊರವರಿಗೆ ಉತ್ತರ ಹೊಳೆಯಲಿಲ್ಲ. ಸೋಮವಾರ ದೇವಸ್ಥಾನದ ಅಂಗಳದಲ್ಲಿ ಉಡುಪರು ಹೇಳಿದ ಅರ್ಥವೇ ಅಂತಿಮವೆಂದು ಎರಡು ಕಡೆಯವರೂ ಒಪ್ಪಿದರು.

ಉಡುಪರು ಕೋಶಗಳನ್ನೆಲ್ಲ ತಿರುವಿದರು. ಒಂದು ಕಡೆ ಪದವೆಂದರೆ ಪಾದ, ಇನ್ನೊಂದು ಕಡೆ ಸ್ಥಾನ. ಪಡುವಣದಿಂದ ಬಂತೆಂದು ಒಬ್ಬರು, ಅಲ್ಲ, ತುಳುವಿನದೇ ಎಂದು ಮತ್ತೊಬ್ಬರು. ಓದಿದಷ್ಟೂ ತಲೆ ಗೊಂದಲದ ಗೂಡಾಯಿತು. ಸಾಲದ್ದಕ್ಕೆ ತಂಗಿ ಜಲಜಾಕ್ಷಿ, “ಭಾವನ ಮರ್ಯಾದೆ ತೆಗೆದರೆ ನನ್ನ ಮೆಟ್ಟಿಲು ಹತ್ತಬೇಡ ಅಣ್ಣ” ಎಂದು ಹೇಳಿ ಕಳಿಸಿದ್ದಳು.

“ತಾಯೀ, ಪದವು ಎಂದರೆ ಏನು?” ಎಂದು ಅವರು ನಿಂತಲ್ಲೇ ಕೇಳಿದರು.

“ಮೊದಲು ಊಟ,” ಎಂದರು ತಾಯಿಯವರು.

ಹುಲ್ಲು ಕೊಯ್ಯುವವರು ಬಯಲಿನಲ್ಲಿ ಸಾಲಾಗಿ ಕುಳಿತಿದ್ದರು. ಉಡುಪರಿಗೆ ಮಡಿ. ಪದವಿನ ಅಂಚು ದಾಟಿ, ಇಳಿಜಾರಿನ ಗೇರುಮರದ ಬುಡದಲ್ಲಿ ತಮ್ಮ ಎಲೆ ಹಾಸಿಕೊಂಡರು. ತಾಯಿಯವರು ಅಲ್ಲಿಗೇ ಹೋಗಿ ಕುಚ್ಚಲಕ್ಕಿ ಅನ್ನ ಬಡಿಸಿ ಹುರುಳಿ ಸಾರು ಹೊಯ್ದರು. ಸಾರು ಎಲೆ ದಾಟಿತು. ಉಡುಪರು ಅನ್ನದ ಕಟ್ಟೆ ಕಟ್ಟಿದರು. ಎರಡನೆಯ ಸೌಟಿಗೆ ಕಟ್ಟೆ ಒಡೆದು ಸಾರೆಲ್ಲ ಪಂಚೆಗೆ ಹರಿಯಿತು.

ಹುಲ್ಲು ಕೊಯ್ಯುವ ಸುಂದರಿಗೆ ನಗು ತಡೆಯಲಾಗಲಿಲ್ಲ. “ಅಯ್ಯಾ, ಹಿಡೀಲಿಕ್ಕೆ ಕೆಳಗೆ ಇನ್ನೊಂದು ಎಲೆ ಹಾಕ್ಲಾ? ಅಥವಾ ಗುಡ್ಡೆಯಡಿಯ ನಿಮ್ಮ ಭಾವನ ತೋಟಕ್ಕೇ ಹೋಗ್ಲಿ ಅಂತ ಬಿಟ್ಟದ್ದಾ?”

ಪಂಕ್ತಿಯೆಲ್ಲ ನಕ್ಕಿತು. ತಾಯಿಯವರು ನಗಲಿಲ್ಲ. “ಮೇಲೆ ಬನ್ನಿ ಉಡುಪರೇ. ಇಲ್ಲಿ ನಿಲ್ಲುತ್ತದೆ.”

ಹಸಿವು ಒಂದು ಕಡೆ, ಮಡಿ ಒಂದು ಕಡೆ. ಕೊನೆಗೆ ಉಡುಪರು ಎಲೆಯನ್ನೆತ್ತಿಕೊಂಡು ಹತ್ತಿ ಬಂದು ಸುಂದರಿಯ ಪಕ್ಕದ ಖಾಲಿ ಜಾಗದಲ್ಲಿ ಕುಳಿತರು. ಸಾರು ಹೊಯ್ದಲ್ಲೇ ನಿಂತಿತು.

ತಾಯಿಯವರು ಸೌಟು ಹಿಡಿದುಕೊಂಡೇ ಕೇಳಿದರು: “ಇಷ್ಟು ಎತ್ತರಕ್ಕೆ ಬಂದಿರಲ್ಲ, ಈಗ ಹೇಳಿ. ನಿಮಗಿಂತ ಮೇಲೆ ಕೂತವರು ಯಾರು? ಕೆಳಗೆ ಯಾರು?”

ಉಡುಪರು ಎಡಕ್ಕೂ ಬಲಕ್ಕೂ ನೋಡಿದರು. ಎಲೆಗಳೆಲ್ಲ ಒಂದೇ ಗೆರೆಯಲ್ಲಿದ್ದವು. ತಲೆ ತಗ್ಗಿಸಿ ಊಟ ಮಾಡಿದರು.

ಸೋಮವಾರ ಅವರು ಎದ್ದು ನಿಂತು ಹೇಳಿದ್ದು ಇಷ್ಟು: “ಈ ಶಬ್ದ ಎಲ್ಲಿ ಹುಟ್ಟಿತೋ ನನಗೆ ತಿಳಿಯಲಿಲ್ಲ, ಹುಡುಕಿ ಸೋತೆ. ಅರ್ಥವನ್ನು ಮಾತ್ರ ಉಂಡು ಬಂದಿದ್ದೇನೆ. ಹತ್ತಿ ಹೋದ ಮೇಲೂ ಯಾರೂ ಯಾರ ಮೇಲೂ ಕೂರಲಾಗದ ನೆಲ ಅದು. ಒಂದು ಮನೆಗೆ ಹೇಗೆ ಸೇರೀತು, ಭಾವ?”

ಶೀನಪ್ಪಯ್ಯ ಶಲ್ಯ ಕೊಡವಿ ಎದ್ದು ಹೋದರು. ಬೇಲಿ ಮಾತ್ರ ಏಳಲಿಲ್ಲ.

ಮಳೆಗೆ ಮುಂಚೆ ಉಡುಪರು ಒಂದು ಹೊರೆ ಮುಳಿಹುಲ್ಲನ್ನು ತಾವೇ ತಲೆಯ ಮೇಲೆ ಹೊತ್ತು ತಂಗಿಯ ಮನೆಗೆ ಹೋದರು. ಅವಳ ದನದ ಹಟ್ಟಿಯ ಮಾಡೂ ಆ ಹುಲ್ಲಿನದೇ ಅಲ್ಲವೇ! ಮೆಟ್ಟಿಲು ಹತ್ತದೆ ಅಂಗಳದಲ್ಲೇ ಹೊರೆ ಇಳಿಸಿದರು. ಜಲಜಾಕ್ಷಿ ಬಾಗಿಲಲ್ಲಿ ಬಿಗಿಮುಖ ಮಾಡಿಕೊಂಡು ನಿಂತಳು. ಅಣ್ಣನ ತಲೆಗೆ ಅಂಟಿದ ಹುಲ್ಲನ್ನೂ ಪಂಚೆಯಲ್ಲಿ ಉಳಿದುಹೋದ ಸಾರಿನ ಕಲೆಯನ್ನೂ ನೋಡಿದಳು.

“ಊಟ ಆಯ್ತಾ?” ಎಂದಳು ಕೊನೆಗೆ. “ಎಲೆ ಎಲ್ಲಿ ಹಾಕ್ಲಿ?”

ಉಡುಪರು ಪದವಿನ ದಿಕ್ಕಿಗೆ ತಿರುಗಿ ಕೈ ಮುಗಿದರು.

“ನೆಲ ಸಮ ಇದ್ದಲ್ಲಿ ಹಾಕು, ತಂಗಿ.”