ಹೆಗ್ಗುದುರೆ ಕೆರೆ

ಕರೇಗುಂಡನಹಳ್ಳಿಯ ಮೂಡಣ ದಿಕ್ಕಿಗಿರುವ ಕೆರೆಯ ಹೆಸರು ಹೆಗ್ಗುದುರೆ ಕೆರೆ. ಏರಿಯ ನಡುವೆ, ತೂಬಿನ ಮೇಲೆ ಹೊದಿಸಿದ ಒಂದೇ ಕಲ್ಲಿನ ಚಪ್ಪಡಿಯಿದೆ. ಊರಿನ ಹೆಂಗಸರು ಈಗ ಅದರ ಮೇಲೆ ಸಂಡಿಗೆ ಒಣಗಿಸುತ್ತಾರೆ. ಅಷ್ಟು ದೊಡ್ಡ ಕಲ್ಲು ಅಲ್ಲಿಗೆ ಬಂದದ್ದು ಹೇಗೆಂದು ಕೇಳಿದರೆ ಹಿರಿಯರು ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಮ್ಮಲಿಂಗ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ನೆರೆಯ ಪಾಳೆಯಗಾರನ ಕುದುರೆಗಳಿಗಿಂತ ದೊಡ್ಡ ಕುದುರೆ ತನ್ನ ಲಾಯದಲ್ಲಿರಬೇಕೆಂಬ ಹಟ ಅವನಿಗೆ. ಕುದುರೆ ನೋಡಿಕೊಳ್ಳುವ ಪಾಲಯ್ಯ ಕರಾವಳಿಯ ಬಂದರಿಗೆ ಹೋಗಿ, ಹಡಗಿನಿಂದಿಳಿದವುಗಳಲ್ಲೇ ದೊಡ್ಡದನ್ನು ಹಿಡಿದು ತಂದ. ಆನೆಮರಿಯಂಥ ಮೈ, ಮೊರದಗಲದ ಗೊರಸು, ಅದರ ಮೇಲೆ ಜೋಲುವ ಬಿಳಿ ಕೂದಲು. ಚಳಿದೇಶದ ಜಿಗುಟು ಮಣ್ಣಿನಲ್ಲಿ ನೇಗಿಲೆಳೆಯಲು, ಮರದ ದಿಮ್ಮಿ ಸಾಗಿಸಲು ತಲೆತಲಾಂತರದಿಂದ ಬೆಳೆಸಿದ ತಳಿ ಅದು. ವ್ಯಾಪಾರಿ ಅದನ್ನು ಹೇಳಲಿಲ್ಲ, ಪಾಲಯ್ಯ ಕೇಳಲೂ ಇಲ್ಲ. ನಾಯಕ ಠೀವಿಯಿಂದ ಹತ್ತಿ ಕುಳಿತರೆ ಕುದುರೆ ನಿಂತಲ್ಲೇ ಕಣ್ಣುಮುಚ್ಚಿ ತೂಕಡಿಸಿತು.

“ಹುಣ್ಣಿಮೆಗೆ ಆ ನೆರೆಸೀಮೆ ನಾಯಕ ನಮ್ಮ ದಂಡು ನೋಡೋಕೆ ಬರ್ತಾನೆ. ಅವತ್ತು ಇದು ಕದಲದಿದ್ರೆ ಇದನ್ನೂ ನಿನ್ನನ್ನೂ ಒಟ್ಟಿಗೇ ಗಡಿ ದಾಟಿಸ್ತೀನಿ,” ಎಂದ ನಾಯಕ.

ಪಾಲಯ್ಯನಿಗೆ ಅನ್ನ ನೀರು ಸೇರಲಿಲ್ಲ. ಕೆಲಸ ಹೋಗುವ ಭಯ ಒಂದು ಕಡೆ. ತನ್ನ ಹೆಗಲಿಗೆ ಮೂತಿಯಿಟ್ಟು ನಿಲ್ಲುವ ಆ ಸಾಧುಪ್ರಾಣಿಯ ಮೇಲೆ ಹುಟ್ಟಿಕೊಂಡಿದ್ದ ಮಮತೆ ಇನ್ನೊಂದು ಕಡೆ. ಹುರುಳಿ ಬೇಯಿಸಿ ಹಾಕಿದ, ದೃಷ್ಟಿ ತೆಗೆದ, ಕೈಮುಗಿದೂ ನೋಡಿದ. ಹುಣ್ಣಿಮೆಗೆ ಎರಡು ದಿನವಿದ್ದಾಗ, ಹಸಿಹುಲ್ಲಿನ ವಾಸನೆ ಹಿಡಿದ ಕುದುರೆ ತನ್ನನ್ನು ಕಟ್ಟಿದ್ದ ಕಲ್ಲುಕಂಬವನ್ನೇ ಕಿತ್ತು ಎಳೆದುಕೊಂಡು ಬೀದಿಗೆ ಬಂತು. ಆಗ ಪಾಲಯ್ಯನಿಗೆ ಅದರ ಗುಟ್ಟು ತಿಳಿಯಿತು. ಹಿಂದೆ ಭಾರವಿದ್ದರೇನೇ ಅದಕ್ಕೆ ನಡೆಯುವ ಮನಸ್ಸು.

ಕೋಟೆಯ ಮುಂದಿನ ಬಯಲಲ್ಲಿ ಕೆರೆಯ ತೂಬಿಗೆ ಹೊದಿಸಲೆಂದು ಕಡಿಸಿದ ಚಪ್ಪಡಿ ವರ್ಷದಿಂದ ಬಿದ್ದಿತ್ತು. ಹನ್ನೆರಡು ಜೊತೆ ಎತ್ತು ಕಟ್ಟಿದರೂ ಜಗ್ಗಿರಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ಪಾಲಯ್ಯ ಕುದುರೆಯ ಎದೆಗೆ ಹಗ್ಗ ಬಿಗಿದು, ಮೇಲೆ ಜರಿಯ ಝೂಲು ಹೊದಿಸಿ, ಹಗ್ಗದ ತುದಿಯನ್ನು ಆ ಚಪ್ಪಡಿಗೆ ಕಟ್ಟಿಬಿಟ್ಟ. ಇದೇನೂ ಅರಿಯದ ನಾಯಕ ಕುದುರೆ ಹತ್ತಿ, ಕತ್ತಿ ಹಿರಿದು “ಹೂಂ!” ಎಂದ. ಕುದುರೆ ಎದೆ ಮುಂದೊತ್ತಿ ಹೆಜ್ಜೆ ಕಿತ್ತಿತು, ಅದೂ ಬಸುರಿ ಹೆಂಗಸಿನ ನಡಿಗೆಯಲ್ಲಿ. ನೆರೆಯ ನಾಯಕನ ಕಡೆಯವರು ಹೊಟ್ಟೆ ಹಿಡಿದು ನಕ್ಕರು. ಹಿಂದೆ ನೆಲ ಗರಗರ ಸದ್ದು ಮಾಡಿದಾಗ ಅವರ ನಗು ನಿಂತಿತು. ಹುರುಳಿ ಚೀಲ ಹಿಡಿದು ಮುಂದೆ ನಡೆದ ಪಾಲಯ್ಯ ಏರಿಯ ಮೇಲೆ, ತೂಬಿನ ಬಾಯಿ ದಾಟಿ ನಿಂತ; ಕುದುರೆಯ ಹಿಂದೆ ಬಂದ ಚಪ್ಪಡಿ ಸರಿಯಾಗಿ ತೂಬಿನ ಮೇಲೇ ಕೂತಿತು. ತಿರುಗಿ ನೋಡಿದ ನಾಯಕನ ಬಾಯಿ ತೆರೆದೇ ಉಳಿಯಿತು. ಆಮೇಲೆ ಮೀಸೆ ತಿರುವಿ, “ಇದನ್ನ ತರಿಸಿದ್ದೇ ಈ ಕೆಲಸಕ್ಕೆ!” ಎಂದನಂತೆ. ಪಾಲಯ್ಯ ತಲೆ ತಗ್ಗಿಸಿ, “ಹೌದು ಬುದ್ಧಿ,” ಎಂದ. ಕುದುರೆ, ಪಾಲಯ್ಯ ಇಬ್ಬರೂ ಲಾಯದಲ್ಲೇ ಉಳಿದರು.

ಆದರೆ ನಾಯಕನಿಗೆ ಸಮಾಧಾನವಾಗಲಿಲ್ಲ. ತಾನು ನಾಗಾಲೋಟದಲ್ಲಿ ಬಂದಂತೆ ಏರಿಯ ಕೊನೆಯಲ್ಲಿ ಶಿಲ್ಪ ಕೆತ್ತಬೇಕೆಂದು ಅಪ್ಪಣೆ ಕೊಟ್ಟ. ಕುದುರೆಯ ಕಾಲು ಹೇಗಿಡಲಿ ಎಂದು ಶಿಲ್ಪಿ ಪಾಲಯ್ಯನನ್ನು ಕೇಳಿದನಂತೆ. “ನಾಯಕರನ್ನ ಅವರು ಹೇಳ್ದಂಗೆ ಕೆತ್ತು. ಕುದುರೆ ವಿಷಯದಲ್ಲಿ ಮಾತ್ರ ನಾನು ಸುಳ್ಳು ಹೇಳಾಕಿಲ್ಲಪ್ಪ,” ಎಂದನಂತೆ ಪಾಲಯ್ಯ. ಹೋದವರು ಈಗಲೂ ನೋಡಬಹುದು: ನಾಯಕನ ಕೂದಲು ಗಾಳಿಗೆ ಹಾರುತ್ತಿದೆ, ಕತ್ತಿ ಮೇಲೆದ್ದಿದೆ, ಹೊದ್ದ ವಸ್ತ್ರದ ಸೆರಗು ಹಿಂದಕ್ಕೆ ಚಿಮ್ಮಿದೆ. ಕುದುರೆಯ ನಾಲ್ಕೂ ಕಾಲು ನೆಲದ ಮೇಲಿವೆ.